ಕೊರಿಯನ್ ಅನ್ನು ಕನ್ನಡದಲ್ಲೇ ಕಲಿಸೋಣ

ಎಲ್ಲರಿಗೂ ನಮಸ್ಕಾರ. ಇವತ್ತು ಅಕ್ಟೋಬರ್ 9, ಹಂಗುಲ್ ದಿನ, ಅಂದರೆ ಕೊರಿಯನ್ ಲಿಪಿಯ ದಿನ. 1446ರಲ್ಲಿ ಕೊರಿಯಾದ ಸೆಜಾಂಗ್ ದೊರೆ ಹೊಸ ಲಿಪಿ ಹೊರಡಿಸಿದ ಕತೆ ನಿಮಗೆಲ್ಲ ಬಾಯಿಪಾಠ, ಅದನ್ನು ಮತ್ತೆ ಹೇಳುವುದಿಲ್ಲ. ಅವನ ಒಂದು ಮಾತು ಮಾತ್ರ ನೆನಪಿಸುತ್ತೇನೆ. ನಮ್ಮ ನುಡಿ ಚೀನೀ ನುಡಿಯ ಹಾಗಿಲ್ಲ, ಆ ಬರಹದಲ್ಲಿ ನಮ್ಮ ಜನ ಮನಸ್ಸಿನಲ್ಲಿದ್ದದ್ದನ್ನು ಹೇಳಲಾರರು, ಇದೇ ಅವನ ಸಂಕಟ. ಆ ದೊರೆಯ ಭಾಷೆಯನ್ನೇ ಇವತ್ತು ನಾವು ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಮೂಲಕ ಕಲಿಸುತ್ತಿದ್ದೇವೆ. ಸುತ್ತಿ ಬಳಸಿ ಮೂಗು ಹಿಡಿಯುವುದು ಅಂದರೆ ಇದೇ ಅಲ್ವಾ? ಯಾಕೆ ಹೀಗೆ? ಇವತ್ತು ನಾನು ಕೇಳಬೇಕು ಅಂತ ಬಂದಿರುವುದು ಇದೊಂದೇ ಪ್ರಶ್ನೆ.

ಕೊರಿಯನ್ ತುಂಬಾ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯಲ್ಲಿ ಕೊರಿಯನ್ನಿಗೆ 2200 ಗಂಟೆ ಪಾಠ ಬೇಕು ಅಂತ ಲೆಕ್ಕ ಹಾಕಿದೆ. ಅಂತರ್ಜಾಲದಲ್ಲಿ ಈ ಸಂಖ್ಯೆ ನೋಡಿಯೇ ನಮ್ಮ ಹುಡುಗರು ಅರ್ಧ ಧೈರ್ಯ ಕಳೆದುಕೊಂಡು ತರಗತಿಗೆ ಬರುತ್ತಾರೆ. ಆದರೆ ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ! ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಅಂದರೆ ಅವರಿಗೆ ತಲೆ ತಿರುಗುತ್ತದೆ. ನಮಗೆ ಅದು ಹುಟ್ಟಿದಾಗಿನಿಂದ ಬಂದ ದಾರಿ. ಅವರ ಭಯವನ್ನು ನಾವೇಕೆ ಕಡ ತರಬೇಕು?

ಒಂದು ಘಟನೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು, ಆದರೆ ನನ್ನ ಇಡೀ ವಾದ ಅದರಲ್ಲೇ ಇದೆ. ನನ್ನ ತರಗತಿಗೆ ರಾಣೆಬೆನ್ನೂರಿನ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಕನ್ನಡ ಮಾಧ್ಯಮದಲ್ಲಿ ಓದಿದವಳು. ಲಾಕ್‌ಡೌನ್ ಕಾಲದಲ್ಲಿ ಕೊರಿಯನ್ ಧಾರಾವಾಹಿ ನೋಡಿ ಹುಚ್ಚು ಹಿಡಿಸಿಕೊಂಡಿದ್ದಳು. ಬೇರೆ ಒಂದು ಕಡೆ ಸೇರಲು ಹೋದಾಗ ‘ಮೊದಲು ಇಂಗ್ಲಿಷ್ ಸರಿ ಮಾಡ್ಕೊಂಡು ಬಾ’ ಅಂದು ಕಳಿಸಿದ್ದರಂತೆ. ನನ್ನಲ್ಲಿಯೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಿದ್ದಳು. ಅವತ್ತು ಪಾಠದಲ್ಲಿ ‘ಮೊಗೊ ಬೊಸೆಯೊ’ ಬಂತು. ‘ಮೊಗೊ’ ಅಂದರೆ ತಿಂದು, ‘ಬೊಸೆಯೊ’ ಅಂದರೆ ನೋಡಿ. ಪುಸ್ತಕದಲ್ಲಿ ಅರ್ಧ ಪುಟ ಇಂಗ್ಲಿಷ್ ವಿವರಣೆ ಇತ್ತು, ಇದು ಸಹಾಯಕ ಕ್ರಿಯಾಪದ, ಒಂದು ಕೆಲಸವನ್ನು ಪ್ರಯೋಗ ಮಾಡಿ ನೋಡುವ ಅರ್ಥ ಕೊಡುತ್ತದೆ, ಇಲ್ಲಿ ಕಣ್ಣಿನಿಂದ ನೋಡುವುದಲ್ಲ, ಹೀಗೆ. ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗರು ಅದನ್ನೇ ಓದಿ ಹಣೆ ಗಂಟಿಕ್ಕಿಕೊಂಡಿದ್ದರು. ಇವಳು ಹಿಂದಿನಿಂದ ಕೇಳಿದಳು: ‘ಮೇಡಂ, ತಿಂದು ನೋಡ್ರಿ ಅಂತಲ್ರೀ?’

ಅಷ್ಟೇ! ತಿಂದು ನೋಡಿ. ಆಮೇಲೆ ನಾನು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ‘ಇಲ್ಗೊ ಜುಸೆಯೊ’, ಓದಿ ಕೊಡಿ. ‘ಜೊಗೊ ದುಸೆಯೊ’, ಬರೆದು ಇಡಿ. ‘ಮೊಗೊ ಬೊರ್ಯೊಸ್ಸೊಯೊ’, ತಿಂದುಬಿಟ್ಟೆ. ನೋಡು, ಕೊಡು, ಇಡು, ಬಿಡು, ಎಲ್ಲಾ ನಮ್ಮ ಹಾಗೆಯೇ ಮುಖ್ಯ ಕ್ರಿಯಾಪದದ ಬೆನ್ನಿಗೆ ಬಂದು ಕೂರುತ್ತವೆ. ‘ಜಿಬೆ ಗಸೊ ಬಬುಲ್ ಮೊಕ್ಕೊ ಜಸ್ಸೊಯೊ.’ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಪದಕ್ಕೆ ಪದ ಇಟ್ಟು ನೋಡಿ, ಒಂದೂ ಜಾಗ ಬದಲಾಗುವುದಿಲ್ಲ. ಇಂಗ್ಲಿಷಿಗೆ ಹೋಗಿ ಬಂದರೆ ಈ ವಾಕ್ಯ ಎರಡು ಸಲ ತಲೆಕೆಳಗಾಗುತ್ತದೆ.

ಅದೇ ಹುಡುಗಿ ಕೆಲವು ವಾರದ ನಂತರ ಇನ್ನೊಂದು ಕೇಳಿದಳು. ‘ಗಯೊ’ (ಹೋಗುತ್ತೇನೆ), ‘ಮೊಗೊಯೊ’ (ತಿನ್ನುತ್ತೇನೆ) ಅನ್ನುವಾಗ ಕೊನೆಗೆ ಒಂದು ‘ಯೊ’ ಬರುತ್ತದಲ್ಲ, ಗೆಳೆಯರ ಹತ್ತಿರ ಮಾತಾಡುವಾಗ ಅದು ಬಿದ್ದುಹೋಗುತ್ತದೆ. ‘ಅದು ನಮ್ಮ ರೀ ಇದ್ದಂಗಲ್ರೀ?’ ಅಂದಳು. ಎಷ್ಟು ಸರಿಯಾಗಿ ಹಿಡಿದಳು ನೋಡಿ! ಕೊರಿಯನ್‌ನಲ್ಲಿ ಎರಡು ಬಗೆಯ ಗೌರವ ಇದೆ. ಒಂದು, ಯಾರ ಬಗ್ಗೆ ಮಾತಾಡುತ್ತಿದ್ದೀವೋ ಅವರಿಗೆ. ಅಜ್ಜಿ ಬಂದಳು ಅನ್ನದೆ ಅಜ್ಜಿ ಬಂದರು ಅನ್ನುತ್ತೀವಲ್ಲ, ಹಾಗೆ. ಇನ್ನೊಂದು, ಯಾರ ಜೊತೆ ಮಾತಾಡುತ್ತಿದ್ದೀವೋ ಅವರಿಗೆ. ಬೆಂಗಳೂರಿನ ಹುಡುಗರಿಗೆ ಈ ಎರಡನೆಯದು ಬೇಗ ಹತ್ತುವುದಿಲ್ಲ. ಬರುವವನು ನಾನೇ, ನನ್ನ ಕ್ರಿಯಾಪದಕ್ಕೆ ಗೌರವ ಯಾಕೆ ಅನ್ನುತ್ತಾರೆ. ಧಾರವಾಡದವರು ‘ನಾ ಬರ್ತೀನ್ರಿ’ ಅಂದಾಗ ಆ ‘ರಿ’ ಯಾರಿಗೆ? ಎದುರಿಗಿದ್ದವರಿಗೆ! ಉತ್ತರ ಕರ್ನಾಟಕದ ವಿದ್ಯಾರ್ಥಿಗೆ ಈ ಪಾಠ ಐದು ನಿಮಿಷದ್ದು. ಇಂಗ್ಲಿಷ್ ಪುಸ್ತಕ ಇದಕ್ಕೆ ಒಂದು ಅಧ್ಯಾಯವನ್ನೇ ಕೊಡುತ್ತದೆ.

ಈ ಗೌರವ ಅತಿಯಾಗಿ ಸಿಯೋಲಿನ ಕಾಫಿ ಅಂಗಡಿಗಳಲ್ಲಿ ‘ಕಾಫಿ ಬಂದಿದ್ದಾರೆ’ ಅನ್ನುವ ಮಟ್ಟಕ್ಕೂ ಹೋಗಿದೆ. ಗ್ರಾಹಕರ ಮೇಲಿನ ಗೌರವ ಲೋಟಕ್ಕೂ ಹತ್ತಿಬಿಟ್ಟಿದೆ. ಇದು ತಪ್ಪು ಅಂತ ಅಲ್ಲಿನ ರಾಷ್ಟ್ರೀಯ ಭಾಷಾ ಸಂಸ್ಥೆಯೇ ತಿದ್ದುತ್ತದೆ.

ಇಷ್ಟು ಕೇಳಿದ ಮೇಲೆ ಯಾರಾದರೂ ‘ಅಪ್ಪ, ಅಮ್ಮ ಕೂಡ ಒಂದೇ ಅಲ್ವಾ, ಹಾಗಾದರೆ ಎರಡೂ ಒಂದೇ ಕುಲದ ಭಾಷೆ’ ಅನ್ನುತ್ತಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಪಾದ್ರಿ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣ ಹೋಲಿಸಿ ಪುಸ್ತಕ ಬರೆದರು. ಇವತ್ತಿನ ಭಾಷಾವಿಜ್ಞಾನ ಆ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ. ಅಮ್ಮ, ಅಪ್ಪ ಥರದ ಪದಗಳು ಮಕ್ಕಳ ಬಾಯಲ್ಲಿ ಎಲ್ಲಾ ಕಡೆ ಹುಟ್ಟುತ್ತವೆ. ದಯವಿಟ್ಟು ತರಗತಿಯಲ್ಲಿ ಇದನ್ನು ಇತಿಹಾಸ ಅಂತ ಹೇಳಬೇಡಿ. ನೆಂಟಸ್ತಿಕೆ ಬೇಕಿಲ್ಲ, ಕಟ್ಟಡ ಒಂದೇ ಥರ ಇದ್ದರೆ ಸಾಕು, ಕಲಿಸಲು ಅಷ್ಟೇ ಬೇಕಾಗಿರುವುದು.

ಇನ್ನು ಉಚ್ಚಾರಣೆ. ‘ಮಾಡುತ್ತೇನೆ’ ಅನ್ನಲು ‘ಹಪ್‌ನಿದಾ’ ಅಂತ ಬರೆದು ‘ಹಮ್ನಿದಾ’ ಅಂತ ಯಾಕೆ ಓದಬೇಕು? ಹೈಸ್ಕೂಲಿನ ಅನುನಾಸಿಕ ಸಂಧಿ ನೆನಪಿಸಿಕೊಳ್ಳಿ, ವಾಕ್ ಸೇರಿಸು ಮಯ, ವಾಙ್ಮಯ. ಪ, ಕ ಮುಂದೆ ಅನುನಾಸಿಕ ಬಂದರೆ ಅವೂ ಮೂಗಿಗೆ ಏರುತ್ತವೆ. ನಮ್ಮ ಮಕ್ಕಳು ಇದನ್ನು ಪರೀಕ್ಷೆಗೆ ಬರೆದು ಪಾಸಾಗಿದ್ದಾರೆ.

ಆದರೆ ಎಲ್ಲಾ ಕಡೆ ಕನ್ನಡ ಕೈ ಹಿಡಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ದಾಲ್, ತ್ತಾಲ್, ಥಾಲ್ ತೆಗೆದುಕೊಳ್ಳಿ. ಚಂದ್ರ, ಮಗಳು, ಮುಖವಾಡ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಎಂಜಿನಿಯರ್, ಕೊರಿಯಾದಿಂದ ಬಂದ ಸಹೋದ್ಯೋಗಿಗಳ ಮುಂದೆ ತನಗೆ ಇಬ್ಬರು ಹೆಣ್ಣುಮಕ್ಕಳು ಅಂತ ಹೇಳಲು ಹೋಗಿ ಎರಡು ಮುಖವಾಡ ಇವೆ ಅಂದುಬಿಟ್ಟರು. ಪುಸ್ತಕ ‘ಒತ್ತಿ ಹೇಳಿ’ ಅಂದಿತ್ತು, ಇವರು ಉಸಿರು ಸೇರಿಸಿ ಒತ್ತಿದ್ದರು. ನಮ್ಮ ‘ತಲೆ’ಯ ತ ಇದೆಯಲ್ಲ, ಉಸಿರಿಲ್ಲದ ತ, ಮಗಳಿಗೆ ಅದೇ ಹತ್ತಿರ. ಕಷ್ಟ ಇರುವುದು ಚಂದ್ರ ಮತ್ತು ಮುಖವಾಡದ ನಡುವೆ. ಸಿಯೋಲಿನ ಯುವಜನರ ಮಾತಿನಲ್ಲಿ ಈಗ ಇವೆರಡರ ವ್ಯತ್ಯಾಸ ಉಸಿರಿಗಿಂತ ಜಾಸ್ತಿ ದನಿಯ ಏರಿಳಿತದಲ್ಲಿದೆ ಅಂತ ಸಂಶೋಧನೆಗಳು ತೋರಿಸಿವೆ. ಚಂದ್ರ ತಗ್ಗಿನ ದನಿ, ಮುಖವಾಡ ಏರುದನಿ. ಹೀಗೆ ಹೇಳಿಕೊಟ್ಟರೆ ಹುಡುಗರು ಬೇಗ ಹಿಡಿಯುತ್ತಾರೆ. ತುಟಿ ಅಗಲಿಸಿ ಹೇಳುವ ಕೊರಿಯನ್ ‘ಉ’ ಸ್ವರಕ್ಕೆ ತುಳುವರನ್ನು ಮುಂದೆ ಕೂರಿಸಿ, ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ ಉಕಾರ ಅದಕ್ಕೆ ತುಂಬಾ ಹತ್ತಿರ.

ಸಮಯ ಆಯಿತು ಅಂತ ಚೀಟಿ ಬಂತು. ವಾಕ್ಯದ ವಿಷಯ ಮತ್ತು ಕರ್ತೃವನ್ನು ತೋರಿಸುವ ‘ನುನ್’ ಮತ್ತು ‘ಗ’ ಪ್ರತ್ಯಯದ ಬಗ್ಗೆ ಒಂದು ಗಂಟೆ ಬೇಕು, ಅಲ್ಲಿ ಕನ್ನಡ ನಿಜವಾಗಿ ಕೈಕೊಡುತ್ತದೆ, ಅದನ್ನು ಬಿಡುತ್ತೇನೆ. ಎರಡು ಬಗೆಯ ಎಣಿಕೆಯನ್ನೂ ಬಿಡುತ್ತೇನೆ. ಟೋಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಯ ಬರವಣಿಗೆ ಭಾಗದ ಬಗ್ಗೆ ಹೇಳಬೇಕಿತ್ತು, ಊಟದ ಹೊತ್ತಿನಲ್ಲಿ ಸಿಗಿ.

ಸಂಶೋಧನೆ ಮಾಡುವವರಿಗೆ ಒಂದು ಮಾತು. ಕೊರಿಯನ್ ಕಲಿಯುವವರ ಮೇಲಿನ ಅಧ್ಯಯನ ಬಹುಪಾಲು ಚೀನೀ, ಜಪಾನೀ, ವಿಯೆಟ್ನಾಮಿ, ಇಂಗ್ಲಿಷ್ ಮಾತಾಡುವವರ ಮೇಲೆ ನಡೆದಿದೆ. ಭಾರತದಲ್ಲಿ ಜೆಎನ್‌ಯುನಲ್ಲಿ 1970ರ ದಶಕದಿಂದ ಕೊರಿಯನ್ ಪಾಠ ಇದೆ. 2020ರ ಶಿಕ್ಷಣ ನೀತಿಯಲ್ಲೂ ಕೊರಿಯನ್ ಹೆಸರು ಬಂದಿದೆ. ಆದರೆ ಕನ್ನಡದವರು ಎಲ್ಲಿ ಎಡವುತ್ತಾರೆ, ಎಲ್ಲಿ ಓಡುತ್ತಾರೆ ಅಂತ ಬರೆದಿಡಬೇಕಾದವರು ನಾವೇ. ನಿಮ್ಮ ಪ್ರವೇಶ ಅರ್ಜಿಯಲ್ಲಿ ‘ಮನೆಮಾತು’ ಅಂತ ಒಂದು ಕಾಲಂ ಹಾಕಿ. ‘ಮಾತೃಭಾಷೆ ಕನ್ನಡ’ ಅಂತ ಇಟ್ಟರೆ ಸಾಲದು, ಯಾವ ಊರಿನ ಕನ್ನಡ ಅಂತ ಕೇಳಿ, ತುಳುವೋ ಕೊಂಕಣಿಯೋ ಉರ್ದುವೋ ಅಂತ ಕೇಳಿ. ತಿದ್ದಿದ ಉತ್ತರ ಪತ್ರಿಕೆಯನ್ನು ವಾಪಸ್ ಕೊಡುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಹೆಸರು ಮುಚ್ಚಿ. ಹೊರಗಿನ ಮೇಜಿನ ಮೇಲೆ ಒಂದು ಖಾಲಿ ನಮೂನೆ ಇಟ್ಟಿದ್ದೇನೆ, ಹೋಗುವಾಗ ತೆಗೆದುಕೊಂಡು ಹೋಗಿ. ಪ್ರಶ್ನೆ ಇದ್ದವರು ಈಗ ಕೇಳಿ.