ಸ್ಟೀಮ್ ಕಾರ್ಡ್ 3 ಸೆಂಟಿಗೆ ಮಾರಿದರೆ ನಿಮಗೆ ಎಷ್ಟು ಬರುತ್ತೆ?

[ಸ್ಕ್ರೀನ್: ಸ್ಟೀಮ್ ಇನ್‌ವೆಂಟರಿ. ಒಂದೇ ಕಾರ್ಡ್ ಮೇಲೆ ಜೂಮ್]

ಈ ಕಾರ್ಡ್ ನೋಡಿ. ವಾಲ್ವ್ ಕಂಪನಿಯ ಸ್ಟೀಮ್ ಅನ್ನೋ ಆನ್‌ಲೈನ್ ಪಿಸಿ ಗೇಮ್ ಅಂಗಡಿಯಲ್ಲಿ ಗೇಮ್ ಆಡಿದರೆ ಸಿಗೋ ಡಿಜಿಟಲ್ ಕಾರ್ಡ್ ಇದು. ಬಳಕೆದಾರರು ತಮ್ಮತಮ್ಮಲ್ಲೇ ಕೊಂಡು ಮಾರೋ ಸ್ಟೀಮ್ ಮಾರ್ಕೆಟ್‌ನಲ್ಲಿ ಇದರ ರೇಟು 3 ಸೆಂಟ್, ಅಂದ್ರೆ ಎರಡೂವರೆ ರೂಪಾಯಿ ಆಸುಪಾಸು. ಮಾರಿದರೆ ನಿಮ್ಮ ವ್ಯಾಲೆಟ್‌ಗೆ ಬೀಳೋದು 1 ಸೆಂಟ್. ಮಿಕ್ಕ ಎರಡು ಸೆಂಟ್ ದಾರಿಯಲ್ಲೇ ಇಳಿದುಹೋಗುತ್ತೆ.

ಗೇಮ್ ಆಡಿದರೆ ಪುಗಸಟ್ಟೆ ಕಾರ್ಡ್ ಬರುತ್ತಲ್ಲ, ಅದರಿಂದ ಆಡೋನಿಗೆ ನಿಜವಾಗಿ ಏನಾದರೂ ದಕ್ಕುತ್ತಾ? ಇವತ್ತು ಅದನ್ನ ಸೆಂಟ್ ಸೆಂಟ್ ಲೆಕ್ಕದಲ್ಲೇ ನೋಡೋಣ.

ಮೂಲ ವಿಷಯ ಓಡಿಸಿಬಿಡ್ತೀನಿ. ಸ್ಟೀಮ್ ಟ್ರೇಡಿಂಗ್ ಕಾರ್ಡ್ 2013ರ ಮೇ ತಿಂಗಳಲ್ಲಿ ಬೀಟಾ ಆಗಿ ಬಂತು, ಜೂನ್‌ನಲ್ಲಿ ಎಲ್ಲರಿಗೂ ಸಿಕ್ತು. ಒಂದೊಂದು ಗೇಮ್‌ಗೆ 5ರಿಂದ 15 ಕಾರ್ಡ್‌ಗಳ ಸೆಟ್. ಆಡಿದರೆ ಸಿಗೋದು ಸೆಟ್‌ನಲ್ಲಿ ಇರೋ ಸಂಖ್ಯೆಯ ಅರ್ಧ ಮಾತ್ರ. ಇನ್ನರ್ಧಕ್ಕೆ ಕೊಂಡುಕೊಳ್ಳಬೇಕು, ಬೇರೆಯವರ ಜತೆ ಅದಲುಬದಲು ಮಾಡಬೇಕು, ಇಲ್ಲವೇ 3 ಕಾರ್ಡ್ ಇರೋ ಬೂಸ್ಟರ್ ಪ್ಯಾಕ್ ಸಿಗಬೇಕು. ಸೆಟ್ ಪೂರ್ತಿ ಆದರೆ ಬ್ಯಾಡ್ಜ್, ಅಂದ್ರೆ ಪ್ರೊಫೈಲ್‌ನಲ್ಲಿ ತೋರಿಸೋ ಪದಕ, ಮಾಡಬಹುದು. ಆಗ ಕಾರ್ಡ್‌ಗಳು ಮಾಯವಾಗಿ 100 ಎಕ್ಸ್‌ಪಿ (ಸ್ಟೀಮ್ ಲೆವೆಲ್ ಏರಿಸೋ ಅಂಕ), ಒಂದು ಎಮೋಟಿಕಾನ್, ಪ್ರೊಫೈಲ್‌ಗೆ ಒಂದು ಹಿನ್ನೆಲೆ ಚಿತ್ರ ಬರುತ್ತೆ. ಫ್ರೀ ಗೇಮ್‌ಗಳಲ್ಲಿ ಸುಮ್ಮನೆ ಆಡಿದರೆ ಕಾರ್ಡ್ ಬರೋಲ್ಲ, ಸುಮಾರು 9 ಡಾಲರ್ ಖರ್ಚು ಮಾಡಿದರೆ ಒಂದು. ಅಷ್ಟೇ ಪುರಾಣ.

[ಸ್ಕ್ರೀನ್: ಮಾರಾಟದ ಕಿಟಕಿ. ಎರಡು ಬಾಕ್ಸ್]

ಈಗ ಅಸಲಿ ವಿಷಯ. ಮಾರೋಕೆ ಹೋದಾಗ ಎರಡು ಬಾಕ್ಸ್ ಕಾಣುತ್ತೆ. ಒಂದು, ಕೊಳ್ಳೋನು ಕೊಡೋದು. ಇನ್ನೊಂದು, ನಿಮಗೆ ಬರೋದು. ನಡುವಿನ ವ್ಯತ್ಯಾಸವೇ ಫೀಸು. ವಾಲ್ವ್ ಕಂಪನಿಗೆ 5%, ಗೇಮ್ ಮಾಡಿದವರಿಗೆ ಸಾಮಾನ್ಯವಾಗಿ 10%. ಒಟ್ಟು 15%, ಅದೂ ನಿಮಗೆ ಬರೋ ಮೊತ್ತದ ಮೇಲೆ. ಇದೇನು ಮಹಾ, ಅಂತ ಅನ್ನಿಸುತ್ತೆ. ಆದರೆ ಇದರ ಜತೆ ಒಂದು ಪುಟ್ಟ ಷರತ್ತು ಇದೆ: ಎರಡೂ ಫೀಸು ಕನಿಷ್ಠ ಒಂದೊಂದು ಸೆಂಟ್.

ಈ ಕನಿಷ್ಠ ಅನ್ನೋದು ಎಲ್ಲಾ ಲೆಕ್ಕ ಕೆಡಿಸುತ್ತೆ. ರೇಟು ಬಿದ್ದಾಗ ಕೋಲಾರದ ಮಂಡಿಗೆ ಟೊಮ್ಯಾಟೊ ತಂದವರನ್ನ ಕೇಳಿ. ಬಾಕ್ಸ್ ಸಾವಿರಕ್ಕೆ ಹೋಗಲಿ, ಐವತ್ತಕ್ಕೆ ಹೋಗಲಿ, ಗಾಡಿ ಬಾಡಿಗೆ ಅಷ್ಟೇ, ಹಮಾಲಿ ಅಷ್ಟೇ. ಸಾವಿರದಲ್ಲಿ ಅದು ಕಣ್ಣಿಗೇ ಬೀಳೋಲ್ಲ. ಐವತ್ತರಲ್ಲಿ ಅದೇ ಪೂರ್ತಿ ನುಂಗುತ್ತೆ. ಇಲ್ಲೂ ಹಾಗೇ.

[ಸ್ಕ್ರೀನ್: ಅಂಕಿಗಳು ಒಂದೊಂದಾಗಿ ಬರಲಿ]

ಕೊಳ್ಳೋನು 1 ಡಾಲರ್ 15 ಸೆಂಟ್ ಕೊಟ್ಟರೆ ನಿಮಗೆ 1 ಡಾಲರ್. ನೂರಕ್ಕೆ ಹದಿಮೂರು ಹೋಯ್ತು, ಪರವಾಗಿಲ್ಲ. 12 ಸೆಂಟ್ ಕೊಟ್ಟರೆ ನಿಮಗೆ 10. 5 ಕೊಟ್ಟರೆ 3, ಅಂದ್ರೆ 40% ಖಲಾಸ್. 4 ಕೊಟ್ಟರೆ 2, ಅರ್ಧಕ್ಕರ್ಧ. 3 ಕೊಟ್ಟರೆ 1.

ಕೊನೇ ಎರಡನ್ನ ಇನ್ನೊಂದು ಸಲ ನೋಡಿ. 3 ಸೆಂಟಿಗೆ ಮಾರಿದರೆ 1, 4 ಸೆಂಟಿಗೆ ಮಾರಿದರೆ 2. ರೇಟು ಒಂದೇ ಒಂದು ಸೆಂಟ್ ಏರಿಸಿದರೆ ನಿಮ್ಮ ಕಮಾಯಿ ಡಬಲ್! 3ರಿಂದ 5ಕ್ಕೆ ಏರಿಸಿದರೆ ಮೂರು ಪಟ್ಟು. ಕೊಳ್ಳೋನಿಗೆ 4 ಸೆಂಟೂ 3 ಸೆಂಟೂ ಹೆಚ್ಚುಕಮ್ಮಿ ಒಂದೇ. ನಿಮಗೆ ಹಾಗಲ್ಲ. ಹೀಗಿದ್ದೂ ಬಹಳ ಜನ ಏನು ಮಾಡ್ತಾರೆ? ಬೇಗ ಹೋಗಲಿ ಅಂತ ಇದ್ದಿದ್ದರಲ್ಲೇ ಕಮ್ಮಿ ರೇಟು ಹಾಕಿ ಕೈತೊಳ್ಕೊಳ್ತಾರೆ. ಅವಸರ ಇಲ್ಲದಿದ್ದರೆ ಒಂದು ಸೆಂಟ್ ಮೇಲೆ ಹಾಕಿ ಬಿಟ್ಟುಬಿಡಿ. ಕಾರ್ಡ್ ಏನು ಟೊಮ್ಯಾಟೊ ಅಲ್ಲ, ಕೊಳೆಯೋಲ್ಲ.

ಇದೇ ಲೆಕ್ಕ ಇಟ್ಕೊಂಡು ಐಡಲ್ ಮಾಡೋರ ಕಥೆ ನೋಡೋಣ. ಗೇಮ್ ಆನ್ ಮಾಡಿ, ಮೆನುವಿನಲ್ಲೇ ಬಿಟ್ಟು, ಊಟಕ್ಕೆ ಹೋಗೋದು. ರಿಫಂಡ್ ಕೇಳೋಕೆ ಅವಕಾಶ ಇರೋ ಹೊಸ ಗೇಮ್‌ನಲ್ಲಿ 2 ಗಂಟೆ ದಾಟೋವರೆಗೂ ಕಾರ್ಡೇ ಬೀಳೋಲ್ಲ. ಹಾಗಾಗಿ 4 ಕಾರ್ಡ್‌ಗೆ ಒಟ್ಟು 4 ಗಂಟೆ ಅಂತಿಟ್ಕೊಳ್ಳಿ. ಪಿಸಿ 200 ವ್ಯಾಟ್ ಎಳೆದರೆ 0.8 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದ್ರೂ 4 ರೂಪಾಯಿ 80 ಪೈಸೆ. ನಾಲ್ಕೂ ಕಾರ್ಡ್ 3 ಸೆಂಟಿನವು ಆದರೆ ಕೈಗೆ ಬರೋದು 4 ಸೆಂಟ್, ಅಂದ್ರೆ ಮೂರೂವರೆ ರೂಪಾಯಿ. ಲಾಭ ಬೆಸ್ಕಾಂಗೆ. ಗೃಹಜ್ಯೋತಿಯಲ್ಲಿ ಇನ್ನೂ ಯೂನಿಟ್ ಉಳಿದಿದ್ದರೆ ಆ ಮಾತು ಬೇರೆ.

[ಸ್ಕ್ರೀನ್: ಎಂಟು ಖಾಲಿ ಚೌಕ]

"ನಾನು ಮಾರೋಲ್ಲ, ಸೆಟ್ ಪೂರ್ತಿ ಮಾಡ್ತೀನಿ" ಅನ್ನೋರಿಗೆ ಈ ಭಾಗ. ಬಬಲ್ ಗಮ್ ಜತೆ ಬರ್ತಿದ್ದ ಕ್ರಿಕೆಟ್ ಆಟಗಾರರ ಚೀಟಿ ಕೂಡಿಸಿದವರಿಗೆ ಈ ಸಂಕಟ ಗೊತ್ತು: ಒಬ್ಬನೇ ಬೌಲರ್ ಆರು ಸಲ ಬರ್ತಾನೆ, ಬೇಕಾದವನು ಮಾತ್ರ ಬರೋದೇ ಇಲ್ಲ. ಅದು ಅಂಗಡಿಯವನ ಮೋಸ ಅಲ್ಲ, ಗಣಿತ.

8 ಕಾರ್ಡ್‌ಗಳ ಸೆಟ್ ತಗೊಳ್ಳಿ. ಪ್ರತಿ ಕಾರ್ಡ್ ಬರೋ ಸಾಧ್ಯತೆ ಸಮ ಅಂತಿಟ್ಕೊಳ್ಳಿ. ಅದೃಷ್ಟವನ್ನೇ ನಂಬಿ ಎಂಟೂ ಸೇರಬೇಕಾದರೆ ಸರಾಸರಿ ಎಷ್ಟು ಕಾರ್ಡ್ ಬರಬೇಕು? ಹತ್ತಲ್ಲ, ಹನ್ನೆರಡಲ್ಲ. ಸುಮಾರು 22. ಮೊದಲನೆಯದು ಹೇಗೂ ಹೊಸದೇ. ಏಳು ಸೇರಿ ಒಂದು ಬಾಕಿ ಉಳಿದಾಗ, ಬರೋ ಪ್ರತಿ ಕಾರ್ಡೂ ಬೇಕಾದದ್ದೇ ಆಗಿರೋ ಸಾಧ್ಯತೆ ಎಂಟರಲ್ಲಿ ಒಂದು. ಹಾಗಾಗಿ ಆ ಒಂದಕ್ಕೇ ಸರಾಸರಿ 8 ಕಾರ್ಡ್. ಅದರ ಹಿಂದಿನದಕ್ಕೆ 4. ಕೊನೆಯ ಎರಡೇ 12 ತಿಂದವು, ಮೊದಲ ಆರು ಹತ್ತರಲ್ಲಿ ಮುಗಿದಿದ್ದವು.

ನಿಮಗೆ ಆಟದಿಂದ ಬರೋದು 4. ಅದರಲ್ಲೂ ಒಂದೇ ಕಾರ್ಡ್ ಎರಡು ಸಲ ಬರೋದುಂಟು, ಆದ್ದರಿಂದ ಬೇರೆ ಬೇರೆ ಕಾರ್ಡ್ ಸರಾಸರಿ ಮೂರು ಚಿಲ್ಲರೆ. ಮಿಕ್ಕ ಐದನ್ನ ಮಾರ್ಕೆಟ್‌ನಲ್ಲಿ ಕೊಳ್ಳಬೇಕು. ಕೊಂಡಾಗೆಲ್ಲ ಆ ಫೀಸು. ಸೆಟ್‌ನ ಅರ್ಧ ಮಾತ್ರ ಕೊಡೋ ನಿಯಮ ಯಾಕಿದೆ ಅಂತ ಈಗ ಹೊಳೀತಲ್ಲ? ಯಾರೂ ಬರೀ ಆಟ ಆಡಿಯೇ ಬ್ಯಾಡ್ಜ್ ಮಾಡೋಕೆ ಆಗಬಾರದು.

ಹಾಗಾದರೆ ಇದರಲ್ಲಿ ನಿಜವಾಗಿ ದುಡ್ಡು ಮಾಡಿದ್ದು ಯಾರು? ಗೇಮ್ ಆಡದೇ ಇದ್ದವರು! 2017ರವರೆಗೂ ಒಂದು ದಂಧೆ ನಡೀತಿತ್ತು. ಹೆಸರಿಗೊಂದು ಗೇಮ್, ಒಳಗೆ ಏನೂ ಇಲ್ಲ. ಬಳಕೆದಾರರ ವೋಟಿನಿಂದ ಹೊಸ ಗೇಮ್ ಆರಿಸ್ತಿದ್ದ ಆಗಿನ ಗ್ರೀನ್‌ಲೈಟ್ ವ್ಯವಸ್ಥೆ ಮೂಲಕ ಹೇಗೋ ಅದನ್ನ ಸ್ಟೀಮ್‌ಗೆ ಏರಿಸೋದು. ಮಾಡಿದವರಿಗೆ ಸಿಗೋ ಉಚಿತ ಕೀಗಳನ್ನ (ಅಕೌಂಟ್‌ಗೆ ಗೇಮ್ ಸೇರಿಸೋ ಕೋಡ್) ಸಾವಿರಗಟ್ಟಲೆ ತೆಗೆದು ತಮ್ಮದೇ ಬಾಟ್ ಅಕೌಂಟ್‌ಗಳಿಗೆ, ಅಂದ್ರೆ ಪ್ರೋಗ್ರಾಂ ನಡೆಸೋ ನಕಲಿ ಅಕೌಂಟ್‌ಗಳಿಗೆ, ಹಂಚೋದು. ಬಾಟ್‌ಗಳು ಗೇಮ್ ಓಡಿಸಿ ಕಾರ್ಡ್ ಉದುರಿಸ್ತವೆ, ಲೆವೆಲ್ ಹುಚ್ಚಿನವರು ಕೊಳ್ತಾರೆ. ಕಾರ್ಡ್ ಮಾರಿದ ದುಡ್ಡೂ ಅವರಿಗೇ, ಗೇಮ್ ಮಾಡಿದವರ ಆ 10% ಕೂಡ ಅವರಿಗೇ.

ವಾಲ್ವ್ 2017ರ ಮೇ ತಿಂಗಳಲ್ಲಿ ಇದನ್ನ ತಾನೇ ಬಹಿರಂಗವಾಗಿ ಒಪ್ಪಿಕೊಂಡು ನಿಯಮ ಬದಲಿಸ್ತು: ನಿಜವಾದ ಜನ ಕೊಂಡು ಆಡ್ತಿದ್ದಾರೆ ಅಂತ ಲೆಕ್ಕದಲ್ಲಿ ಖಾತ್ರಿ ಆಗೋವರೆಗೂ ಆ ಗೇಮ್‌ನಲ್ಲಿ ಕಾರ್ಡ್ ಬೀಳೋಲ್ಲ. ಖಾತ್ರಿಯಾದ ಮೇಲೆ, ಅಷ್ಟು ದಿನ ಆಡಿದವರಿಗೆ ಬಾಕಿ ಕಾರ್ಡ್ ಕೊಡ್ತಾರೆ. ಹೊಸ ಪುಟ್ಟ ಗೇಮ್ ಕೊಂಡು "ಕಾರ್ಡೇ ಬರ್ತಿಲ್ಲ" ಅಂತ ತಲೆ ಕೆಡಿಸಿಕೊಂಡಿದ್ದರೆ ಕಾರಣ ಬಹುಶಃ ಇದೇ.

[ಸ್ಕ್ರೀನ್: ಮೂಲೆಯಲ್ಲಿ ಗಡಿಯಾರ]

ಎಡಿಟರ್ ಗಡಿಯಾರ ತೋರಿಸ್ತಿದ್ದಾರೆ, ಇನ್ಮೇಲೆ ಪಟಪಟ ಹೇಳಿಬಿಡ್ತೀನಿ.

ಲೆವೆಲ್. ಮೊದಲ ಹತ್ತು ಲೆವೆಲ್‌ಗೆ ಒಂದೊಂದು ಬ್ಯಾಡ್ಜ್ ಸಾಕು, ಮುಂದಿನ ಹತ್ತಕ್ಕೆ ಎರಡೆರಡು, ಹೀಗೇ ಏರುತ್ತೆ. ಬರೀ ಕಾರ್ಡ್‌ನಿಂದಲೇ 50ನೇ ಲೆವೆಲ್ ಮುಟ್ಟೋಕೆ 15,000 ಎಕ್ಸ್‌ಪಿ, ಅಂದ್ರೆ 150 ಬ್ಯಾಡ್ಜ್. ಸೆಟ್‌ಗೆ 8 ಕಾರ್ಡ್, ಕಾರ್ಡ್‌ಗೆ 5 ಸೆಂಟ್ ಅಂದ್ರೂ 60 ಡಾಲರ್. ಪ್ರತಿಯಾಗಿ ಸಿಗೋದು? ಫ್ರೆಂಡ್ಸ್ ಪಟ್ಟಿ 250ರಿಂದ 500ಕ್ಕೆ ಏರುತ್ತೆ (ಐನೂರು ಜನ ಯಾರಪ್ಪಾ?), ಪ್ರೊಫೈಲ್‌ನಲ್ಲಿ ಐದು ಶೋಕೇಸ್ (ಬೇಕಾದ್ದನ್ನ ಪ್ರದರ್ಶಿಸೋ ಜಾಗ), ಬೂಸ್ಟರ್ ಪ್ಯಾಕ್ ಬೀಳೋ ಸಾಧ್ಯತೆ ಡಬಲ್. ಅಕೌಂಟ್‌ಗೆ ವರ್ಷ ತುಂಬಿದರೆ 50 ಎಕ್ಸ್‌ಪಿ ಹೇಗೂ ಪುಕ್ಕಟೆ.

ಜೆಮ್ಸ್. ಬೇಡದ ಎಮೋಟಿಕಾನ್, ಹಿನ್ನೆಲೆ ಎಲ್ಲ ಜೆಮ್ಸ್ ಅನ್ನೋ ಸ್ಟೀಮ್ ಟೋಕನ್ ಆಗಿ ಬದಲಿಸಬಹುದು. 8 ಕಾರ್ಡ್‌ಗಳ ಗೇಮ್‌ನ ಬೂಸ್ಟರ್ ಪ್ಯಾಕ್ ಮಾಡೋಕೆ 750 ಜೆಮ್ಸ್. ಮಾಡೋ ಮುಂಚೆ 1000 ಜೆಮ್ಸ್ ಚೀಲದ ಮಾರ್ಕೆಟ್ ರೇಟು ನೋಡಿ, ಅದರ ಮುಕ್ಕಾಲು ಭಾಗವನ್ನ 3 ಕಾರ್ಡ್ ಮಾರಿದರೆ ಕೈಗೆ ಬರೋ ದುಡ್ಡಿನ ಜತೆ ತೂಗಿ. ತಕ್ಕಡಿ ಜೆಮ್ಸ್ ಕಡೆ ವಾಲಿದರೆ ಚೀಲವೇ ಮಾರಿ.

ಇಂಥ ವಸ್ತುಗಳ ಬೆಲೆ ಯಾರ ಕೈಯಲ್ಲಿದೆ ಅನ್ನೋದಕ್ಕೆ ಉದಾಹರಣೆ: 2025ರ ಅಕ್ಟೋಬರ್‌ನಲ್ಲಿ ವಾಲ್ವ್‌ನದೇ ಶೂಟಿಂಗ್ ಗೇಮ್ ಕೌಂಟರ್-ಸ್ಟ್ರೈಕ್ 2ರಲ್ಲಿ ಒಂದು ಅಪ್‌ಡೇಟ್ ಬಂತು. 5 ಕೆಂಪು ದರ್ಜೆಯ ಸ್ಕಿನ್ (ಗೇಮ್‌ನ ಆಯುಧಕ್ಕೆ ಹಾಕೋ ಅಲಂಕಾರ) ಕೊಟ್ಟರೆ ಚಾಕು ಅಥವಾ ಗ್ಲೌಸ್ ಸಿಗುತ್ತೆ ಅಂದರು. ಆಸ್ತಿ ಅಂತ ಜೋಪಾನ ಮಾಡಿದ್ದ ಚಾಕುಗಳ ರೇಟು ಧಡಕ್ಕನೆ ಬಿತ್ತು. ಇನ್ನೊಂದು ಗೇಮ್ ಕಂಪನಿ ಯೂಬಿಸಾಫ್ಟ್ 2021ರ ಡಿಸೆಂಬರ್‌ನಲ್ಲಿ ತನ್ನ ಘೋಸ್ಟ್ ರೆಕಾನ್ ಬ್ರೇಕ್‌ಪಾಯಿಂಟ್ ಗೇಮ್‌ಗೆ ಎನ್‌ಎಫ್‌ಟಿ (ಬ್ಲಾಕ್‌ಚೈನ್‌ನಲ್ಲಿ ಒಡೆತನ ದಾಖಲಾಗೋ ಡಿಜಿಟಲ್ ವಸ್ತು) ಹೆಲ್ಮೆಟ್ ಇತ್ಯಾದಿ ತಂದು, 2022ರ ಏಪ್ರಿಲ್‌ನಲ್ಲಿ ಆ ಗೇಮ್‌ಗೆ ಹೊಸದೇನೂ ಬರೋಲ್ಲ ಅಂತ ಕೈಚೆಲ್ಲಿತು.

ಹಾಗಂತ ಕಾರ್ಡ್ ಪೂರ್ತಿ ದಂಡ ಅನ್ನೋಲ್ಲ. ನೀವು ಹೇಗೂ ಆಡಿ ಮುಗಿಸಿರೋ 100 ಗೇಮ್ ಇದ್ದು, ಒಂದೊಂದರಲ್ಲಿ 4 ಕಾರ್ಡ್, 5 ಸೆಂಟಿನ ರೇಟಿಗೆ ಹೋದರೆ ಕೈಗೆ 12 ಡಾಲರ್. ಸಾವಿರ ರೂಪಾಯಿ ಚಿಲ್ಲರೆ, ಸೇಲ್‌ನಲ್ಲಿ ಒಂದು ಒಳ್ಳೆ ಗೇಮ್. ಆದರೆ ಆ ದುಡ್ಡು ಸ್ಟೀಮ್ ವ್ಯಾಲೆಟ್ ಬಿಟ್ಟು ಹೊರಗೆ ಬರೋಲ್ಲ, ಬ್ಯಾಂಕ್‌ಗೆ ಹಾಕಿಸ್ಕೊಳ್ಳೋ ದಾರಿ ಇಲ್ಲ. ಕಿರಾಣಿ ಅಂಗಡಿಯವನು ಚಿಲ್ಲರೆ ಬದಲು ಕೊಡೋ ಚಾಕೊಲೇಟ್ ಇದ್ದ ಹಾಗೆ.

[ಸ್ಕ್ರೀನ್: ಬ್ಯಾಡ್ಜ್ ಪುಟ, ನಂತರ ಮೊಬೈಲ್ ಆಪ್]

ಮಾರೋದಾದರೆ ಹೀಗೆ ಮಾಡಿ. ಬ್ಯಾಡ್ಜ್ ಪುಟದಲ್ಲಿ ಯಾವ ಗೇಮ್‌ನಲ್ಲಿ ಎಷ್ಟು ಕಾರ್ಡ್ ಬಾಕಿ ಇದೆ ಅಂತ ತೋರಿಸುತ್ತೆ, ಅಲ್ಲಿಂದ ಶುರು ಮಾಡಿ. ಸ್ಟೀಮ್ ಆಪ್‌ನ ಮೊಬೈಲ್ ಆಥೆಂಟಿಕೇಟರ್ (ಮಾರ್ತಿರೋದು ನೀವೇ ಅಂತ ಫೋನ್‌ನಲ್ಲಿ ಖಾತ್ರಿ ಮಾಡೋ ವ್ಯವಸ್ಥೆ) ಮೊದಲೇ ಹಾಕ್ಕೊಂಡಿರಿ. ಇಲ್ಲದಿದ್ದರೆ ಮಾರೋಕೆ ಇಟ್ಟ ಕಾರ್ಡ್ 15 ದಿನದವರೆಗೂ ತಡೆಯಲ್ಲಿ ಕೂರುತ್ತೆ. ಪಟ್ಟಿ ಮಾಡಿದ ಮೇಲೆ ಆಪ್‌ನಲ್ಲಿ ಒಪ್ಪಿಗೆ ಒತ್ತಲೇಬೇಕು. ಇದನ್ನ ಮರೆತು ವಾರಗಟ್ಟಲೆ "ಯಾಕೋ ಹೋಗ್ತಿಲ್ಲ" ಅಂತ ಕಾಯೋರು ಬಹಳ. "ನಿಮ್ಮ ಕಾರ್ಡ್ ಎಲ್ಲಾ ನಾನೇ ತಗೋತೀನಿ, ಈ ಲಿಂಕ್‌ನಲ್ಲಿ ಲಾಗಿನ್ ಆಗಿ" ಅಂತ ಯಾರಾದರೂ ಮೆಸೇಜ್ ಹಾಕಿದರೆ ಬ್ಲಾಕ್ ಮಾಡಿ, ಅವರ ಕಣ್ಣು ಕಾರ್ಡ್ ಮೇಲಲ್ಲ, ಅಕೌಂಟ್ ಮೇಲೆ. ಇನ್ನು ಎಲ್ಲವನ್ನೂ ಒಟ್ಟಿಗೆ ಮಾರೋ ಮುಂಚೆ ಹೆಸರಿನಲ್ಲಿ ಫಾಯಿಲ್ ಅಂತ ಇರೋದನ್ನ ಬೇರೆ ಎತ್ತಿಡಿ. ಅಪರೂಪಕ್ಕೆ ಬರೋ ಆ ಕಾರ್ಡ್ ಮಾಮೂಲಿಯದಕ್ಕಿಂತ ಎಷ್ಟೋ ಪಟ್ಟು ಜಾಸ್ತಿಗೆ ಹೋಗುತ್ತೆ. ಅವಸರದಲ್ಲಿ ಅದನ್ನೂ 3 ಸೆಂಟಿಗೆ ಹಾಕಿದರೆ, ರೇಟಿನ ಮೇಲೇ ಕಣ್ಣಿಟ್ಟಿರೋ ಬಾಟ್ ಅದನ್ನ ನೀವು ಪೇಜ್ ರಿಫ್ರೆಶ್ ಮಾಡೋಷ್ಟರಲ್ಲಿ ಎತ್ಕೊಂಡು ಹೋಗಿರುತ್ತೆ.