ಬೇಗೂರಿನ ಕಲ್ಲು

ನಮಸ್ಕಾರ ಕೇಳುಗರೇ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡವರಿಗೂ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೂ ಇವತ್ತು ನಾನು ಹೇಳುವುದು ಒಂದೇ ಮಾತು. ಒಂದು ಸಲ ನಮ್ಮ ಬೆಂಗಳೂರಿನ ಬೇಗೂರಿಗೆ ಹೋಗಿ ಬನ್ನಿ.

ಏನಿದೆ ಅಲ್ಲಿ ಅಂತೀರಾ? ನಾಗನಾಥೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಲ್ಲಿದೆ. ಗಂಗರ ಕಾಲದ್ದು, ಸುಮಾರು ಕ್ರಿ.ಶ. 900ರದ್ದು. ಅದರ ಮೇಲೆ ಹಳಗನ್ನಡದಲ್ಲಿ ‘ಬೆಂಗುಳೂರ ಕಾಳೆಗ’ ಅಂತ ಕೆತ್ತಿದೆ. ಆ ಕಾಳೆಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯ ಬುಟ್ಟನಸೆಟ್ಟಿ ಸತ್ತ. ನೋಡಿ, ಬೆಂಗಳೂರಿನ ಹೆಸರು ನಮಗೆ ಮೊದಲು ಸಿಗುವುದೇ ಸತ್ತ ಯೋಧನೊಬ್ಬನ ಕಲ್ಲಿನಲ್ಲಿ!

ಈಗ ಯಾರಾದರೂ ‘ಬೆಂದಕಾಳೂರು’ ಅಂತ ಶುರು ಮಾಡುತ್ತೀರಿ, ಗೊತ್ತು. ಹೊಯ್ಸಳ ರಾಜ ವೀರಬಲ್ಲಾಳ ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದಲೇ ಊರಿಗೆ ಆ ಹೆಸರು ಬಂತು ಅಂತ. ಕತೆ ಚೆನ್ನಾಗಿದೆ. ಆದರೆ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕಲ್ಲು ಅದಕ್ಕಿಂತ 250 ವರ್ಷಕ್ಕೂ ಹಳೆಯದು. ದಯವಿಟ್ಟು ಆ ಕಾಳನ್ನು ಒಲೆಯಿಂದ ಇಳಿಸಿಬಿಡಿ.

ಒಮ್ಮೆ ಹೈಸ್ಕೂಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊದಲು ಯಾರಿಗೂ ಏನೂ ಕಾಣಲಿಲ್ಲ. ಸುಮ್ನೆ ಒಂದು ಕಲ್ಲು, ಅಷ್ಟೇ. ಮೊಬೈಲಿನ ಟಾರ್ಚನ್ನು ಎದುರಿನಿಂದ ಬಿಡದೆ, ಪಕ್ಕದಿಂದ ಓರೆಯಾಗಿ ಹಿಡಿದೆ. ಒಂದೊಂದು ಅಕ್ಷರದ ಅಂಚಿಗೂ ನೆರಳು ಬಿತ್ತು. ಒಬ್ಬ ಹುಡುಗ ಹತ್ತಿರ ಬಗ್ಗಿ, ‘ಸಾರ್, ‘ಗ’ ಸಿಕ್ತು!’ ಅಂತ ಕೂಗಿದ. ಮುಟ್ಟಬೇಡವೋ ಅಂತ ನಾನೂ ಕೂಗಿದೆ. ಆಮೇಲೆ ಎಲ್ಲರೂ ಸೇರಿ ತಡವರಿಸುತ್ತಾ ಊರಿನ ಹೆಸರು ಓದಿದರು. ಹಿಂದೆ ನಿಂತಿದ್ದ ಒಬ್ಬಳು ಕೇಳಿದಳು: ‘ಯುದ್ಧದಲ್ಲಿ ಯಾರು ಗೆದ್ದರು ಸಾರ್?’

ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಓದಿದವನು, ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಸತ್ತವನ ಹೆಸರಿದೆಯಮ್ಮ, ಅದನ್ನೇ ಓದೋಣ ಅಂದೆ. ಅವಳು ‘ಬುಟ್ಟನಸೆಟ್ಟಿ’ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತು. ಬೇಗ ಹೇಳಿಬಿಡುತ್ತೇನೆ. ಬೇಗೂರಿನದೇ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಅದು ತುಂಬೆಪಾಡಿಯಲ್ಲಿ ಕಾದಿ ಸತ್ತ ನಾಗತ್ತರನದು. ಆನೆ, ಕುದುರೆ, ಬಿಲ್ಲು, ಇಡೀ ರಣರಂಗವೇ ಇದೆ. ಅದರ ಬಗ್ಗೆ ಹೇಳೋದು ಜಾಸ್ತಿ ಇತ್ತು. ಇರಲಿ. ಮೊದಲು ಬೇಗೂರಿಗೆ ಹೋಗಿ. ಟಾರ್ಚ್ ಓರೆಯಾಗಿ ಹಿಡಿಯಿರಿ. ಕಲ್ಲಿಗೆ ಅರಿಸಿನ, ಕುಂಕುಮ, ಎಣ್ಣೆ ಯಾವುದೂ ಬೇಡ, ಅಕ್ಷರ ಮುಚ್ಚಿಹೋಗುತ್ತದೆ. ನಮಸ್ಕಾರ.