ಮಗಳ ಸಾಕರ್ ಸೀಸನ್‌ಗೆ ತಾಯಿಯ ತಯಾರಿ

ನಮಸ್ಕಾರ. ಪರದೆಯ ಮೇಲೆ ನೀವು ಈಗ ನೋಡುತ್ತಿರುವ ಮೈದಾನ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಇದು ನವೆಂಬರ್ ತಿಂಗಳ ಒಂದು ಸಂಜೆ. ಗಂಟೆ ಆರೂವರೆಯಾಗಿದೆ, ಕತ್ತಲಾಗಿ ಆಗಲೇ ಬಹಳ ಹೊತ್ತಾಗಿದೆ. ದೀಪದ ಬೆಳಕಿನಲ್ಲಿ ಸಾಲಾಗಿ ಓಡುತ್ತಿರುವ ಹುಡುಗಿಯರ ಮುಖಗಳನ್ನು ನಾನು ಬೇಕೆಂದೇ ಮಸುಕು ಮಾಡಿದ್ದೇನೆ, ಏಕೆಂದರೆ ಹೆತ್ತವರ ಒಪ್ಪಿಗೆಯಿಲ್ಲದೆ ಯಾರ ಮಗಳನ್ನೂ ವಿಡಿಯೊದಲ್ಲಿ ತೋರಿಸುವುದಿಲ್ಲವೆಂದು ಮೊದಲ ದಿನವೇ ಕೋಚ್‌ಗೆ ಮಾತು ಕೊಟ್ಟಿದ್ದೆ. ಎಡಗಡೆಯಿಂದ ಮೂರನೆಯ ಸ್ಥಾನದಲ್ಲಿ ಉದ್ದ ಜಡೆ ಹಾರಿಸಿಕೊಂಡು ಓಡುತ್ತಿರುವವಳು ನನ್ನ ಮಗಳು. ಅವಳು ಹತ್ತನೆಯ ತರಗತಿಯಲ್ಲಿದ್ದಾಳೆ, ಹೈಸ್ಕೂಲ್ ತಂಡಕ್ಕೆ ಆಯ್ಕೆಯಾದದ್ದು ಇದೇ ಮೊದಲು. ಆದ್ದರಿಂದ ಈ ಸೀಸನ್ ಅವಳಿಗೆಷ್ಟು ಹೊಸದೋ ನನಗೂ ಅಷ್ಟೇ ಹೊಸದು, ಮತ್ತು ಕಳೆದ ಐದು ತಿಂಗಳಲ್ಲಿ ನಾನು ಕಲಿತದ್ದನ್ನೆಲ್ಲ ಈ ವ್ಲಾಗ್‌ನಲ್ಲಿ ಹೇಳಬೇಕೆಂದಿದ್ದೇನೆ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಹುಡುಗಿಯರ ಹೈಸ್ಕೂಲ್ ಸಾಕರ್, ಅಂದರೆ ನಮ್ಮೂರಿನ ಫುಟ್‌ಬಾಲ್, ಶರತ್ಕಾಲದಲ್ಲೋ ವಸಂತದಲ್ಲೋ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಚಳಿಗಾಲದ ಆಟ; ನವೆಂಬರ್‌ನಲ್ಲಿ ಆರಂಭವಾಗಿ ಫೆಬ್ರವರಿಯವರೆಗೆ ಸಾಗುತ್ತದೆ, ಅಂದರೆ ನಮ್ಮ ಕಡೆ ಮಳೆ ಬರುವುದೇನಿದ್ದರೂ ಬರುವ ತಿಂಗಳುಗಳಲ್ಲೇ. 2022ರ ಜುಲೈನಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನ ಪ್ರಕಾರ ಇಲ್ಲಿನ ಹೈಸ್ಕೂಲ್‌ಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗುವಂತಿಲ್ಲ. ಮಕ್ಕಳ ನಿದ್ದೆಗೆ ಅದು ಒಳ್ಳೆಯದೇ, ಆದರೆ ಶಾಲೆ ಬಿಡುವ ಹೊತ್ತು ತಡವಾದಂತೆ ಹಗಲಿನ ಬೆಳಕು ಕೈಜಾರುತ್ತದೆ. ಹುಡುಗರ ಸಾಕರ್ ಕೂಡ ಇದೇ ಋತುವಿನಲ್ಲಿ ನಡೆಯುವುದರಿಂದ ದೀಪವಿರುವ ಒಂದೇ ಮೈದಾನವನ್ನು ಎರಡೂ ತಂಡಗಳು ಹಂಚಿಕೊಳ್ಳಬೇಕಾಗುತ್ತದೆ. ಹುಡುಗಿಯರ ಅಭ್ಯಾಸ ಆರು ಗಂಟೆಗೆ ಏಕೆ ಎಂದು ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಇದು.

ತಯಾರಿ ಶುರುವಾದದ್ದು ಮಾತ್ರ ಜೂನ್‌ನಲ್ಲಿ, ಅದೂ ಚೆಂಡಿನಿಂದಲ್ಲ, ಕಾಗದಪತ್ರಗಳಿಂದ. ವೈದ್ಯರ ದೈಹಿಕ ತಪಾಸಣೆಯ ಪ್ರಮಾಣಪತ್ರ ಪ್ರತಿ ವರ್ಷ ಹೊಸದಾಗಿ ಬೇಕು. ಆಗಸ್ಟ್‌ವರೆಗೆ ಕಾದರೆ ವೈದ್ಯರ ಸಮಯ ಸಿಗುವುದು ಕಷ್ಟ, ಆದ್ದರಿಂದ ಶಾಲೆ ಮುಗಿದ ವಾರವೇ ಮಾಡಿಸಿಬಿಡಿ. ಅದರ ಜೊತೆಗೆ ತಲೆಪೆಟ್ಟಿನ ಕುರಿತು ಒಂದು ಮಾಹಿತಿ ಪತ್ರಕ್ಕೂ ಹಠಾತ್ ಹೃದಯಸ್ತಂಭನದ ಕುರಿತು ಇನ್ನೊಂದಕ್ಕೂ ಆಟಗಾರ್ತಿ ಮತ್ತು ಪೋಷಕರು ಇಬ್ಬರೂ ಸಹಿ ಹಾಕಬೇಕು. ಬ್ಯಾಂಕಿನ ಕಾಗದಗಳಿಗೆ ಓದದೇ ಸಹಿ ಹಾಕುವ ಅಭ್ಯಾಸ ನನಗೂ ಇದೆ, ಆದರೆ ಈ ಎರಡನ್ನು ಮಗಳ ಜೊತೆ ಕುಳಿತು ಓದಿದೆ. ತಲೆಪೆಟ್ಟಿನ ಅನುಮಾನ ಬಂದರೂ ಸಾಕು, ಹುಡುಗಿಯನ್ನು ಆ ದಿನದ ಆಟದಿಂದ ಸಂಪೂರ್ಣವಾಗಿ ಹೊರಗಿಡಬೇಕು. ಪೆಟ್ಟಾಗಿರುವುದು ಖಚಿತವಾದರೆ ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ಮರಳಬೇಕು, ಮತ್ತು ಆ ಹಂತಗಳಿಗೆ ಕನಿಷ್ಠ 7 ದಿನಗಳಾದರೂ ಬೇಕು. ಓಡುವಾಗ ಮೂರ್ಛೆ ಹೋದರೆ ಅದನ್ನು ಬಿಸಿಲಿಗೋ ಉಪವಾಸಕ್ಕೋ ಆರೋಪಿಸಿ ಸುಮ್ಮನಾಗಬಾರದು, ಹೃದಯದ ತಪಾಸಣೆ ಮಾಡಿಸಲೇಬೇಕು ಎಂಬುದು ಎರಡನೆಯ ಪತ್ರದ ಸಾರ. ನಮ್ಮಲ್ಲಿ ಇಂಥದ್ದಕ್ಕೆ ಮೊದಲು ದೃಷ್ಟಿ ತೆಗೆಯುತ್ತಾರೆ. ಅದನ್ನೂ ತೆಗೆಯಿರಿ, ಆಮೇಲೆ ವೈದ್ಯರಲ್ಲಿಗೆ ಹೋಗಿ.

ಕ್ಲಬ್‌ನಲ್ಲಿ ಆಡುವ ಮಕ್ಕಳ ಹೆತ್ತವರು ಒಂದು ನಿಯಮವನ್ನು ತಪ್ಪದೇ ತಿಳಿದಿರಬೇಕು. ಹೈಸ್ಕೂಲ್ ಸೀಸನ್ ನಡೆಯುತ್ತಿರುವಾಗ ಅದೇ ಆಟದಲ್ಲಿ ಹೊರಗಿನ ತಂಡದ ಪರವಾಗಿ ಪಂದ್ಯವಾಡಿದರೆ ಕ್ಯಾಲಿಫೋರ್ನಿಯಾದ ಅಂತರಶಾಲಾ ಕ್ರೀಡಾ ಒಕ್ಕೂಟವಾದ ಸಿಐಎಫ್‌ನ ನಿಯಮದಂತೆ ಶಾಲಾ ತಂಡದಲ್ಲಿ ಆಡುವ ಅರ್ಹತೆ ಹೋಗುತ್ತದೆ. ದೀಪಾವಳಿಗೆ ಬಂದಿದ್ದ ಗೆಳತಿಯೊಬ್ಬರು, ಭಾನುವಾರ ಕ್ಲಬ್‌ನ ಒಂದೇ ಒಂದು ಪಂದ್ಯ ತಾನೆ, ಯಾರಿಗೆ ಗೊತ್ತಾಗುತ್ತದೆ ಎಂದರು. ಆ ಒಂದು ಪಂದ್ಯದಿಂದ ಇಡೀ ತಂಡದ ಗೆಲುವುಗಳಿಗೂ ಕುತ್ತು ಬರಬಹುದು ಎಂದು ಅವರಿಗೆ ಹೇಳಿದೆ. ಅಂಕಗಳ ವಿಷಯದಲ್ಲಿ 4ಕ್ಕೆ ಕನಿಷ್ಠ 2 ಸರಾಸರಿ ಇರಬೇಕೆಂಬ ಷರತ್ತಿದೆ. ನಮ್ಮ ಕನ್ನಡದ ಮನೆಗಳಲ್ಲಿ ಆ ಭಯ ಯಾರಿಗೂ ಇರಲಾರದು, ನಮ್ಮ ಭಯವೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಹಣದ ವಿಷಯವನ್ನೂ ಇಲ್ಲಿಯೇ ಮುಗಿಸುತ್ತೇನೆ. ಸರ್ಕಾರಿ ಶಾಲೆಯ ಕ್ರೀಡೆಗೆ ಶುಲ್ಕ ಕೇಳುವಂತಿಲ್ಲವೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1984ರಲ್ಲೇ ತೀರ್ಪು ಕೊಟ್ಟಿದೆ. ಆದ್ದರಿಂದ ಪೋಷಕರ ಸಭೆಯಲ್ಲಿ ಕೇಳುವುದು ದೇಣಿಗೆಯನ್ನು ಮಾತ್ರ, ಮತ್ತು ಕೊಡದವರ ಮಗಳನ್ನು ತಂಡದಿಂದ ಬಿಡುವಂತಿಲ್ಲ. ನಮ್ಮ ಸಭೆಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ತಾಯಿ ಆ ಮೊತ್ತವನ್ನು ಕಡ್ಡಾಯವೆಂದೇ ತಿಳಿದು ಗಾಬರಿಯಾಗಿದ್ದರು, ಕೊಡಲೇಬೇಕೆಂದಿಲ್ಲವೆಂದು ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳುವ ಕೆಲಸ ನನ್ನದಾಯಿತು. ಕೊಡಬಲ್ಲವರು ಧಾರಾಳವಾಗಿ ಕೊಡಿ, ಬಸ್ಸು, ರೆಫರಿ, ಚೆಂಡು ಎಲ್ಲಕ್ಕೂ ಎಲ್ಲಿಂದಲೋ ಹಣ ಬರಬೇಕು.

ಈಗ ಮೊಣಕಾಲಿನ ವಿಷಯಕ್ಕೆ ಬರುತ್ತೇನೆ, ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಮೊಣಕಾಲಿನ ಒಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಬಿಗಿದು ಹಿಡಿಯುವ ಎಸಿಎಲ್ ಎಂಬ ಅಸ್ಥಿರಜ್ಜು ಇದೆ. ಸಾಕರ್ ಆಡುವ ಹುಡುಗಿಯರಲ್ಲಿ ಅದು ಹರಿಯುವ ಸಂಭವ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಯಾರೋ ಬಂದು ಗುದ್ದಿದ್ದರಿಂದ ಹರಿಯುತ್ತದೆಂದು ನಾನು ಭಾವಿಸಿದ್ದೆ, ಆದರೆ ಹೆಚ್ಚಿನ ಸಲ ಅಲ್ಲಿ ಎದುರಾಳಿಯೇ ಇರುವುದಿಲ್ಲ. ಹುಡುಗಿ ಜಿಗಿದು ಒಂಟಿಕಾಲಿನ ಮೇಲೆ ಇಳಿಯುವಾಗ, ಅಥವಾ ಓಡುತ್ತಾ ಓಡುತ್ತಾ ತಟ್ಟನೆ ದಿಕ್ಕು ಬದಲಿಸುವಾಗ ಮೊಣಕಾಲು ಒಳಮುಖವಾಗಿ ಕುಸಿಯುತ್ತದೆ, ಅಷ್ಟೇ. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಪಂದ್ಯವಾಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು, ಹದಿನೈದರ ಹುಡುಗಿಗೆ ಅದು ಒಂದು ಇಡೀ ಯುಗ.

ಈಗ ತೆರೆಯ ಮೇಲೆ ಬರುತ್ತಿರುವುದು ಜುಲೈನಲ್ಲಿ ನಮ್ಮ ಹಿತ್ತಿಲಲ್ಲಿ ಚಿತ್ರೀಕರಿಸಿದ ದೃಶ್ಯ. ಮಗಳು ಮಾಡುತ್ತಿರುವುದು ಇಂಥ ಗಾಯಗಳನ್ನು ತಡೆಯಲೆಂದೇ ಇರುವ ಫಿಫಾ 11+ ಎಂಬ ವ್ಯಾಯಾಮ ಸರಣಿ. ಇದರಲ್ಲಿ ಮೊದಲು ಎಂಟು ನಿಮಿಷಗಳ ನಿಧಾನ ಓಟ, ನಂತರ ಹತ್ತು ನಿಮಿಷಗಳ ಬಲ, ಸಮತೋಲ ಮತ್ತು ಜಿಗಿತದ ವ್ಯಾಯಾಮಗಳು, ಕೊನೆಗೆ ಎರಡು ನಿಮಿಷಗಳ ವೇಗದ ಓಟ, ಒಟ್ಟು ಇಪ್ಪತ್ತು ನಿಮಿಷ. ನಾರ್ವೆಯಲ್ಲಿ 13ರಿಂದ 17 ವಯಸ್ಸಿನ ಸುಮಾರು 1,900 ಆಟಗಾರ್ತಿಯರನ್ನು ಒಂದು ಸೀಸನ್ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಮಾಡಿದವರಲ್ಲಿ ಗಂಭೀರ ಗಾಯಗಳು ಇತರರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿದ್ದವು. ವಾರಕ್ಕೆ ಎರಡು ಸಲವಾದರೂ ಮಾಡಬೇಕು, ಸೀಸನ್ ಮುಗಿಯುವವರೆಗೂ ಬಿಡಬಾರದು. ಜಿಗಿದು ಇಳಿಯುವಾಗ ಮಂಡಿ ಪಾದದ ಬೆರಳುಗಳ ನೇರಕ್ಕೆ ಇದೆಯೇ, ಒಳಕ್ಕೆ ವಾಲುತ್ತಿದೆಯೇ ಎಂದು ಎದುರು ನಿಂತು ನೋಡುವ ಒಬ್ಬರು ಬೇಕು. ಆಟದ ಗಂಧಗಾಳಿ ಇಲ್ಲದ ನಾನು ಮಾಡಬಹುದಾದ ಕೆಲಸ ಅದೊಂದೇ ಆಗಿತ್ತು. ಮೊದಲ ವಾರ ಅವಳ ಬಲಮಂಡಿ ಪ್ರತಿ ಸಲವೂ ಒಳಕ್ಕೆ ಬೀಳುತ್ತಿತ್ತು. ಈ ಎರಡು ತುಣುಕುಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದೇನೆ, ಎಡಗಡೆಯದು ಜುಲೈ, ಬಲಗಡೆಯದು ಅಕ್ಟೋಬರ್, ವ್ಯತ್ಯಾಸ ನಿಮಗೇ ಕಾಣುತ್ತದೆ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಏನೂ ಕಡಿಮೆಯಿಲ್ಲ, ಅದನ್ನು ನಾವು ಬಳಸುವ ಹೊತ್ತು ಮಾತ್ರ ತಪ್ಪು. 14ರಿಂದ 18 ವಯಸ್ಸಿನ ಹುಡುಗಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂಬುದು ಇಲ್ಲಿನ ಶಿಫಾರಸು, ಸಸ್ಯಾಹಾರಿಗಳಿಗೆ ಅದನ್ನು ಮುಟ್ಟುವುದು ಸುಲಭವಲ್ಲ. ಮೊಳಕೆ ಹೆಸರುಕಾಳಿನ ಕೋಸಂಬರಿಗೆ ನಿಂಬೆರಸ ಹಿಂಡುವುದು ರುಚಿಗಷ್ಟೇ ಅಲ್ಲ, ಸಿ ಜೀವಸತ್ವ ಕಬ್ಬಿಣವನ್ನು ಮೈಗೂಡಿಸುತ್ತದೆ; ಊಟದ ಬೆನ್ನಿಗೇ ಕಾಫಿ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ. ರಾಗಿ ಸುಣ್ಣದಂಶಕ್ಕೆ ಹೆಸರಾದದ್ದು, ಆದರೆ ಪಂದ್ಯಕ್ಕೆ ಒಂದು ಗಂಟೆ ಮೊದಲು ಮುದ್ದೆ ತಿನ್ನಿಸಿ ಕಳಿಸಿದರೆ ಹುಡುಗಿ ಓಡುವುದಿಲ್ಲ, ಮಲಗುತ್ತಾಳೆ. ಮೂರು ಗಂಟೆ ಮೊದಲು ಚಿತ್ರಾನ್ನವೋ ಅವಲಕ್ಕಿಯೋ, ಒಂದು ಗಂಟೆ ಮೊದಲು ಬಾಳೆಹಣ್ಣು, ಮುಗಿದ ಮೇಲೆ ಮೊಸರನ್ನ ಎಂಬ ಕ್ರಮಕ್ಕೆ ನಾವು ಬಂದು ನಿಂತಿದ್ದೇವೆ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಅಭ್ಯಾಸ ಹೆಚ್ಚಾಗಿ ಊಟ ಸಾಲದೇ ಹೋದಾಗ ಮುಟ್ಟು ನಿಲ್ಲುವುದುಂಟು, ಮೂಳೆ ಸಣ್ಣಗೆ ಬಿರುಕು ಬಿಡುವುದುಂಟು. ಮೂರು ತಿಂಗಳು ಮುಟ್ಟಾಗದಿದ್ದರೆ ಕ್ರೀಡಾಪಟುವಾದವಳಿಗೆ ಇದು ಸಹಜ ಎಂದುಕೊಳ್ಳದೆ ವೈದ್ಯರಿಗೆ ತೋರಿಸಿ. ಅಪ್ಪಂದಿರು ಈ ಭಾಗವನ್ನು ದಾಟಿಸಿ ಮುಂದೆ ಹೋಗಿದ್ದರೆ ಹಿಂದಕ್ಕೆ ಬಂದು ಕೇಳಿ.

ಕಾಲಿನ ಮುಂಭಾಗಕ್ಕೆ ಪೆಟ್ಟಾಗದಂತೆ ಕಟ್ಟುವ ಶಿನ್ ಗಾರ್ಡ್ ಕೊಳ್ಳುವಾಗ ಅದರ ಮೇಲೆ ಕ್ರೀಡಾ ಸಲಕರಣೆಗಳ ಸುರಕ್ಷತಾ ಮಾನದಂಡವಾದ ಎನ್‌ಒಸಿಎಸ್‌ಎಇ ಮುದ್ರೆ ಇರಬೇಕು, ಕ್ಲೀಟ್ಸ್ ಎಂಬ ಮುಳ್ಳಟ್ಟೆಯ ಬೂಟು ಹೊಸದಾದರೆ ಪಂದ್ಯಕ್ಕೆ ಎರಡು ವಾರ ಮೊದಲೇ ಹಾಕಿ ಪಳಗಿಸಬೇಕು. ಇವಿಷ್ಟು ಯಾರಾದರೂ ಹೇಳುತ್ತಾರೆ. ನಮಗೆ ಯಾರೂ ಹೇಳದೆ ಉಳಿದದ್ದು ಮೂಗುಬೊಟ್ಟಿನ ವಿಷಯ. ಜುಲೈ ಕೊನೆಯಲ್ಲಿ ಮೈಸೂರಿಗೆ ಹೋದಾಗ ಅಜ್ಜಿಯ ಆಸೆಯೂ ಮೊಮ್ಮಗಳ ಆಸೆಯೂ ಒಂದಾಗಿ ಮೂಗು ಚುಚ್ಚಿಸಿದ್ದಾಯಿತು. ಹೈಸ್ಕೂಲ್ ಸಾಕರ್‌ನಲ್ಲಿ ಧಾರ್ಮಿಕ ಪದಕ ಮತ್ತು ವೈದ್ಯಕೀಯ ಗುರುತಿನ ಪದಕ ಬಿಟ್ಟರೆ ಯಾವ ಆಭರಣಕ್ಕೂ ಅವಕಾಶವಿಲ್ಲ, ಆ ಪದಕಗಳನ್ನೂ ಮೈಗೆ ಪಟ್ಟಿ ಹಚ್ಚಿ ಅಂಟಿಸಿರಬೇಕು. ಮೂಗಿನ ಗಾಯ ಪೂರ್ತಿ ಮಾಗಲು ತಿಂಗಳುಗಟ್ಟಲೆ ಬೇಕು, ನಡುವೆ ತೆಗೆದರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಕಿವಿಯಾಗಲಿ ಮೂಗಾಗಲಿ ಚುಚ್ಚಿಸುವವರು ಮಾರ್ಚ್‌ನಲ್ಲಿ, ಸೀಸನ್ ಮುಗಿದ ಮರುವಾರವೇ ಚುಚ್ಚಿಸಿ ಎಂಬುದು ನನ್ನ ಸಲಹೆ.

ಇನ್ನು ನಮ್ಮ ಭಯದ ಮಾತು. ಹಾಸನದ ಶಾಲೆಯಲ್ಲಿ ನಾನು ಖೋ ಖೋ ಆಡುತ್ತಿದ್ದೆ. ನನ್ನ ಅಪ್ಪ ಅಮ್ಮ ಒಂದು ಪಂದ್ಯಕ್ಕೂ ಬಂದವರಲ್ಲ, ಬರಬೇಕೆಂದು ನನಗೂ ಅನ್ನಿಸಿರಲಿಲ್ಲ. ಅಂಕಪಟ್ಟಿ ಬಂದ ದಿನ ಮಾತ್ರ ಅಪ್ಪ ಶಾಲೆಗೆ ಬಂದು ಮೇಷ್ಟರ ಜೊತೆ ನನ್ನ ಪರವಾಗಿ ಮಾತಾಡುತ್ತಿದ್ದರು. ಇಲ್ಲಿ ಎಲ್ಲವೂ ತಿರುಗುಮುರುಗು. ಪೋಷಕರ ಸಭೆಯಲ್ಲಿ ಕೋಚ್ ಹೇಳಿದ ಮೊದಲ ವಾಕ್ಯವೇ, ನಿಮ್ಮ ಮಗಳು ಎಷ್ಟು ಹೊತ್ತು ಆಡಿದಳೆಂಬ ವಿಷಯವನ್ನು ನಾನು ನಿಮ್ಮೊಡನೆ ಚರ್ಚಿಸುವುದಿಲ್ಲ, ಅವಳೊಡನೆ ಮಾತ್ರ ಚರ್ಚಿಸುತ್ತೇನೆ ಎಂಬುದು. ಬೇರೆ ಏನಾದರೂ ದೂರಿದ್ದರೆ ಪಂದ್ಯ ಮುಗಿದು 24 ಗಂಟೆ ಕಳೆದ ಮೇಲೆ ಬರೆಯಬೇಕು. ಆ ಕ್ಷಣ ನನಗೆ ಅವಮಾನವಾದಂತಾಯಿತು. ಮಕ್ಕಳ ಪರವಾಗಿ ದೊಡ್ಡವರು ಮಾತಾಡುವುದೇ ಪ್ರೀತಿಯೆಂದು ತಿಳಿದು ಬೆಳೆದವರು ನಾವು, ಬೆಂಚಿನ ಮೇಲೆ ಕುಳಿತ ಮಗಳನ್ನು ನೋಡಿ ಸುಮ್ಮನಿರುವುದನ್ನು ನಮಗೆ ಯಾರೂ ಕಲಿಸಿಲ್ಲ.

ಅದಕ್ಕಾಗಿ ಅಕ್ಟೋಬರ್ ತಿಂಗಳಿಡೀ ನಾನೇ ಒಂದು ಅಭ್ಯಾಸ ಮಾಡಿದೆ. ನಿಯಮಗಳನ್ನು ಓದಿಕೊಂಡೆ: 40 ನಿಮಿಷಗಳ ಎರಡು ಅವಧಿ, ಗಡಿಯಾರ ಹಿಮ್ಮುಖವಾಗಿ ಓಡುತ್ತದೆ, ಟಿವಿಯಲ್ಲಿ ಕಾಣುವ ಹೆಚ್ಚುವರಿ ನಿಮಿಷಗಳು ಇಲ್ಲ, ಹೊರಬಂದ ಆಟಗಾರ್ತಿ ಮತ್ತೆ ಒಳಗೆ ಹೋಗಬಹುದು. ಈ ಕೊನೆಯದು ಗೊತ್ತಿಲ್ಲದ ಹೆತ್ತವರು ಮಗಳನ್ನು ಹೊರಗೆ ಕರೆದ ತಕ್ಷಣ ಕಥೆ ಮುಗಿಯಿತೆಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಭ್ಯಾಸ ಪಂದ್ಯವೊಂದರಲ್ಲಿ ಪಕ್ಕದಲ್ಲಿದ್ದ ತಂದೆಯೊಬ್ಬರು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಕೂಗಿ ಕೂಗಿ ಮಗಳಿಗೆ ದಾರಿ ತೋರಿಸುತ್ತಿದ್ದರು. ಆ ಹುಡುಗಿ ಚೆಂಡು ಬಿಟ್ಟು ಅಪ್ಪನನ್ನೇ ನೋಡಿದಳು, ಚೆಂಡು ಹೋಯಿತು. ಅವರನ್ನು ನೋಡಿ ನಕ್ಕವಳು ನಾನು, ಹತ್ತು ನಿಮಿಷದ ನಂತರ ನನ್ನ ಬಾಯಿಂದಲೂ ಓಡೇ ಓಡೇ ಎಂಬ ಕೂಗು ಹೊರಬಿದ್ದಿತ್ತು. ಈಗ ಪಂದ್ಯಕ್ಕೆ ಹೋಗುವಾಗ ಹುರಿಗಡಲೆ ತುಂಬಿದ ಡಬ್ಬಿಯೊಂದು ನನ್ನ ಮಡಿಲಲ್ಲಿರುತ್ತದೆ, ಬಾಯಿ ತುಂಬಿದ್ದರೆ ಕೂಗಲಾಗುವುದಿಲ್ಲ.

ಈ ಊರಿನಲ್ಲೇ ಹುಟ್ಟಿ ಬೆಳೆದ ಅಮೆರಿಕ ತಂಡದ ಆಟಗಾರ್ತಿ ಬ್ರ್ಯಾಂಡಿ ಚಾಸ್ಟೇನ್ 1999ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಚೀನಾ ವಿರುದ್ಧ ಕೊನೆಯ ಪೆನಾಲ್ಟಿ ಹೊಡೆದಾಗ ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,185 ಮಂದಿ ಇದ್ದರು. ಅದಕ್ಕೆ ಮೂರು ದಶಕ ಕೂಡ ಹಿಂದಲ್ಲ, 1971-72ರಲ್ಲಿ, ಇಡೀ ದೇಶದ ಹೈಸ್ಕೂಲ್‌ಗಳಲ್ಲಿ ಸಾಕರ್ ಆಡುತ್ತಿದ್ದ ಹುಡುಗಿಯರ ಲೆಕ್ಕ 700ರ ಆಸುಪಾಸಿನಲ್ಲಿತ್ತು. 1972ರಲ್ಲಿ ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ತಾರತಮ್ಯವನ್ನು ನಿಷೇಧಿಸುವ ಟೈಟಲ್ ನೈನ್ ಕಾನೂನು ಬಂದ ಮೇಲೆ ಬೆಳೆದ ಆ ಸಂಖ್ಯೆ ಇಂದು ಮೂರೂವರೆ ಲಕ್ಷ ದಾಟಿದೆ. ಸಭೆಯಲ್ಲಿ ಹಿರಿಯ ಸ್ವಯಂಸೇವಕಿಯೊಬ್ಬರು ತಾವು ಓದುತ್ತಿದ್ದ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲವೆಂದರು. ಅವರು ಪ್ರತಿ ಪಂದ್ಯಕ್ಕೂ ಬರುತ್ತಾರೆ, ಒಂದು ಮಾತನ್ನೂ ಕೂಗದೆ ನೋಡುತ್ತಾರೆ. ನಾನು ಅವರ ಪಕ್ಕದ ಕುರ್ಚಿಯನ್ನು ಆರಿಸಿಕೊಂಡಿದ್ದೇನೆ.

ಈ ಕೊನೆಯ ದೃಶ್ಯ ನಿನ್ನೆ ಸಂಜೆಯದು. ಮೊದಲ ಪಂದ್ಯಕ್ಕೆ ಹೊರಡುವ ಮುನ್ನ ಮಗಳು ಕನ್ನಡಿಯ ಮುಂದೆ ನಿಂತು ಮೂಗುಬೊಟ್ಟನ್ನು ತೆಗೆದು ಕುಂಕುಮದ ಬಟ್ಟಲಲ್ಲಿಟ್ಟಳು. ರಂಧ್ರ ಮುಚ್ಚಿಕೊಂಡರೆ ಫೆಬ್ರವರಿ ಆದ ಮೇಲೆ ಮತ್ತೆ ಚುಚ್ಚಿಸುತ್ತೇನೆಂದು ಅಜ್ಜಿಗೆ ತಾನೇ ಫೋನ್ ಮಾಡಿ ಹೇಳಿದಳು. ಅವಳ ಪರವಾಗಿ ಅತ್ತೆಯವರಿಗೆ ಏನು ಹೇಳಬೇಕೆಂದು ನಾನು ಒಂದು ವಾರದಿಂದ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಪಂದ್ಯದಲ್ಲಿ ಅವಳು ಆಡಿದ್ದು 22 ನಿಮಿಷ, ನಮ್ಮವರು ಒಂದು ಗೋಲಿನಿಂದ ಸೋತರು, ಡಬ್ಬಿಯ ಹುರಿಗಡಲೆ ಮಾತ್ರ ಮೊದಲ ಅವಧಿಯಲ್ಲೇ ಖಾಲಿಯಾಗಿತ್ತು.